ಶೂ ನಾಲ್ಕು ಸಾವಿರದ ಇನ್ನೂರು, ಅಮ್ಮನಿಗೆ ಹೇಳಿದ್ದು ಸಾವಿರದ ಇನ್ನೂರು

ಪ್ರಶ್ನೆ: ನನಗೆ 34 ವರ್ಷ. ಊರು ತಿಪಟೂರಿನ ಹತ್ತಿರದ ಹಳ್ಳಿ, ಬೆಂಗಳೂರಿನಲ್ಲಿ ಕೆಲಸ, ಮದುವೆಯಾಗಿಲ್ಲ. ಕೈಗೆ 92,000 ರೂಪಾಯಿ ಸಂಬಳ ಬರುತ್ತದೆ, ಸಾಲವಿಲ್ಲ. ಅಪ್ಪನದು ಸಣ್ಣ ಚಿಲ್ಲರೆ ಅಂಗಡಿ. ಅಮ್ಮ ಒಂದೊಂದು ರೂಪಾಯಿಗೂ ಲೆಕ್ಕ ಇಟ್ಟು ಅಕ್ಕನನ್ನೂ ನನ್ನನ್ನೂ ಓದಿಸಿದರು. ಈಗ ನನಗೆ ಅಂತ ಏನು ಕೊಂಡರೂ ತಪ್ಪು ಮಾಡಿದ ಹಾಗೆ ಅನಿಸುತ್ತದೆ. ಸೊಂಟ ನೋವು ಅಂತ 18,000 ರೂಪಾಯಿಯ ಹಾಸಿಗೆ ಎರಡು ಸಲ ಆರ್ಡರ್ ಮಾಡಿ ಎರಡು ಸಲವೂ ರದ್ದು ಮಾಡಿದೆ. 4,200ರ ಶೂ ತಗೊಂಡು ಅಮ್ಮನಿಗೆ 1,200 ಅಂದೆ. ಅಕ್ಕ ಕೊಟ್ಟ ರೇಷ್ಮೆ ಸೀರೆ ಆರು ವರ್ಷದಿಂದ ಬೀರುವಿನಲ್ಲೇ ಇದೆ. ಅಕ್ಕನ ಮಕ್ಕಳಿಗೆ, ಊರಿನ ಮನೆಗೆ ಖರ್ಚು ಮಾಡುವಾಗ ಮಾತ್ರ ಏನೂ ಅನಿಸುವುದಿಲ್ಲ. ಇದು ಜಿಪುಣತನವೇ? ಹೋಗುವುದು ಹೇಗೆ?

ಉತ್ತರ: ಜಿಪುಣತನ ಅಲ್ಲ. ಜಿಪುಣರು ಅಕ್ಕನ ಮಕ್ಕಳಿಗೂ ಗಂಟು ಬಿಚ್ಚುವುದಿಲ್ಲ. ನಿಮ್ಮ ಕೈ ಕಟ್ಟುವುದು ಒಂದೇ ಕಡೆ, ಕೊಳ್ಳುವ ವಸ್ತು ನಿಮಗೆ ಎಂದಾದಾಗ. ಹಾಗಾಗಿ ಇದು ಹಣದ ತೊಂದರೆಯಲ್ಲ, ಹಣದ ಮೂಲಕ ಕಾಣಿಸಿಕೊಳ್ಳುತ್ತಿರುವ ಬೇರೆ ತೊಂದರೆ.

ಕೈ ಹಿಡಿತ ಎರಡು ಬಗೆಯದು. ಒಬ್ಬರಿಗೆ ಉಳಿಸುವುದೇ ಖುಷಿ. ಹಳೇ ಬೆಡ್‌ಶೀಟಿನಲ್ಲಿ ನೆಲ ಒರೆಸುವ ಬಟ್ಟೆ ಮಾಡಿದ ದಿನ ಅವರು ಗೆದ್ದ ಹಾಗೆ ನಗುತ್ತಾರೆ. ಇನ್ನೊಬ್ಬರಿಗೆ ಕೊಡುವುದೇ ನೋವು. ಬೇಕಾದದ್ದನ್ನೂ ಕೊಳ್ಳಲಾಗದೆ, ಕೊಂಡಿಲ್ಲವಲ್ಲ ಎಂದೂ ಕೊರಗುತ್ತಾರೆ. ಸ್ಕಾಟ್ ರಿಕ್, ಸಿಂಥಿಯಾ ಕ್ರೈಡರ್, ಜಾರ್ಜ್ ಲೋವೆನ್‌ಸ್ಟೈನ್ ಎಂಬ ಮೂವರು ಸಂಶೋಧಕರು 2008ರಲ್ಲಿ ಈ ಎರಡನ್ನೂ ಅಳೆದು ಬೇರೆ ಬೇರೆ ಎಂದು ತೋರಿಸಿದರು. ಎರಡನೆಯವರ ತೊಂದರೆಗೆ ಅವರ ವಿವರಣೆ ಪಾವತಿಯ ನೋವು. ನಿಮ್ಮ ಅಮ್ಮ ಬಹುಶಃ ಮೊದಲನೆಯ ಬಗೆ. ನೀವು ಎರಡನೆಯದು. ಮನೆ ಒಂದೇ, ಪಾಠ ಒಂದೇ, ಆದರೆ ಅಮ್ಮನಿಗೆ ಅದು ಕೌಶಲವಾಗಿತ್ತು, ನೋಡಿ ಬೆಳೆದ ನಿಮಗೆ ಅದು ಶಾಸನವಾಯಿತು.

ಮನಸ್ಸು ಚುಚ್ಚುತ್ತಿದೆ ಎಂದ ಮಾತ್ರಕ್ಕೆ ಅದು ಸುಳ್ಳೇ ಆಗಿರಬೇಕಿಲ್ಲ, ಕೆಲವು ಸಲ ನಿಜವನ್ನೇ ಹೇಳುತ್ತಿರುತ್ತದೆ. ಆದ್ದರಿಂದ ಮೊದಲು ಅದನ್ನು ಪರೀಕ್ಷೆಗೆ ಹಚ್ಚಿ. ಆರು ತಿಂಗಳ ಮನೆ ಖರ್ಚು ಕೂಡಲೇ ತೆಗೆಯಬಹುದಾದ ಕಡೆ ಇದೆಯೇ? ಅಪ್ಪ ಅಮ್ಮನಿಗೆ ಆರೋಗ್ಯ ವಿಮೆ ಇದೆಯೇ? (70 ದಾಟಿದವರಿಗೆ ಆಯುಷ್ಮಾನ್ ಯೋಜನೆಯಲ್ಲಿ ಆದಾಯ ಎಷ್ಟೇ ಇರಲಿ, ವರ್ಷಕ್ಕೆ 5 ಲಕ್ಷದವರೆಗೆ ರಕ್ಷಣೆ ಇದೆ, ನಿಮ್ಮ ಕಡೆ ಜಾರಿಯಾಗಿದೆಯೇ ಎಂದು ಕೇಳಿಕೊಂಡು ಕಾರ್ಡ್ ಮಾಡಿಸಿ.) ಕ್ರೆಡಿಟ್ ಕಾರ್ಡಿನ ಬಾಕಿ, ಊರಿನ ಚೀಟಿಯ ಕಂತು, ಅಡವಿಟ್ಟ ಚಿನ್ನ ಏನಾದರೂ ಉಳಿದಿದೆಯೇ? ನಿಮ್ಮ ಸಂಬಳವನ್ನೇ ನಂಬಿದವರಿದ್ದರೆ ನಿಮ್ಮ ಹೆಸರಲ್ಲಿ ಟರ್ಮ್ ವಿಮೆ, ಅಂದರೆ ಅವಧಿಯೊಳಗೆ ನೀವು ತೀರಿಕೊಂಡರೆ ಮನೆಯವರಿಗೆ ಹಣ ಕೊಡುವ ವಿಮೆ, ಇದೆಯೇ? ಇವುಗಳಲ್ಲಿ ಒಂದಕ್ಕೆ ಉತ್ತರ ಸರಿಯಿಲ್ಲದಿದ್ದರೂ ಚುಚ್ಚುವಿಕೆಗೆ ಕಾರಣವಿದೆ, ಮೊದಲು ಅದನ್ನು ಸರಿಮಾಡಿ. ಎಲ್ಲವೂ ಸರಿಯಿದ್ದೂ ಚುಚ್ಚಿದರೆ ಅದು ಹಳೆಯ ಅಭ್ಯಾಸ. ಅದಕ್ಕೆ ಲೆಕ್ಕ ತೋರಿಸಿ ಪ್ರಯೋಜನವಿಲ್ಲ, ಅದಕ್ಕೆ ಲೆಕ್ಕ ಓದಲು ಬರುವುದಿಲ್ಲ.

ಆದರೂ ಒಂದು ಸಲ ಲೆಕ್ಕ ಬರೆದಿಡಿ, ಮುಂದಿನ ಕೆಲಸಕ್ಕೆ ಬೇಕಾಗುತ್ತದೆ. ನೀವು ವಿವರ ಕೊಟ್ಟಿಲ್ಲ, ಹಾಗಾಗಿ ಅಂದಾಜು ಹಿಡಿಯೋಣ. ಬಾಡಿಗೆ 20,000, ಊರಿಗೆ 15,000, ದಿನಸಿ, ಕರೆಂಟು, ಓಡಾಟ, ಫೋನು ಎಲ್ಲ ಸೇರಿ 15,000. ಅಲ್ಲಿಗೆ 50,000. ಆಪತ್ಕಾಲದ ಹಣ ಇದರ ಆರು ಪಟ್ಟು, 3 ಲಕ್ಷ. ದೀರ್ಘಾವಧಿ ಉಳಿತಾಯಕ್ಕೆ 25,000 ತೆಗೆದರೆ ಉಳಿಯುವುದು 17,000. ವರ್ಷಕ್ಕೊಮ್ಮೆ ಬಂದು ಬೀಳುವ ಖರ್ಚುಗಳಿಗೆ, ಅಂದರೆ ವಿಮೆಯ ಕಂತು, ಹಬ್ಬ, ಮದುವೆ ಮುಯ್ಯಿ, ಡಾಕ್ಟರು ಇವಕ್ಕೆ ತಿಂಗಳಿಗೆ 7,000 ಎತ್ತಿಡಿ. ಇನ್ನೂ 10,000 ಇದೆ. ಅದರಲ್ಲಿ ಅರ್ಧ, 5,000, ನಿಮ್ಮದು. ಸಂಬಳದ ನೂರಕ್ಕೆ ಐದೂವರೆ ರೂಪಾಯಿಯೂ ಆಗಲಿಲ್ಲ.

ಇದನ್ನು ಓದುವಾಗಲೇ ‘ಐದು ಸಾವಿರವಾ!’ ಎಂದಿರಬೇಕು. ಅದು ನಿಮ್ಮ ತಲೆಯೊಳಗಿನ ಬೆಲೆಪಟ್ಟಿಯ ಮಾತು. ಚಿಕ್ಕಂದಿನಲ್ಲಿ ಯಾವ ಮೊತ್ತಕ್ಕೆ ಮನೆಯಲ್ಲಿ ಮಾತುಕತೆ ನಡೆಯುತ್ತಿತ್ತೋ, ಯಾವ ಮೊತ್ತಕ್ಕೆ ಅಪ್ಪ ಸುಮ್ಮನಾಗುತ್ತಿದ್ದರೋ ಆ ಅಂಕಿಗಳು ಅಲ್ಲೇ ನಿಂತುಬಿಟ್ಟಿರುತ್ತವೆ. ಬೆಲೆ ನಿಲ್ಲುವುದಿಲ್ಲ. ವರ್ಷಕ್ಕೆ ಶೇ 6ರಂತೆ ಏರಿದರೆ 12 ವರ್ಷಕ್ಕೆ ದುಪ್ಪಟ್ಟು, 24 ವರ್ಷಕ್ಕೆ ನಾಲ್ಕು ಪಟ್ಟು. ನೀವು ಹತ್ತು ವರ್ಷದವರಿದ್ದಾಗಿನ ಸಾವಿರ ರೂಪಾಯಿಯ ತೂಕ ಇವತ್ತಿನ ನಾಲ್ಕು ಸಾವಿರಕ್ಕೆ ಇದೆ. ಶೂ ಬೆಲೆ ಅಮ್ಮನಿಗೆ ಸುಮಾರು ಕಾಲುಭಾಗಕ್ಕೆ ಇಳಿಸಿ ಹೇಳಿದಿರಲ್ಲ, ಆ ಸುಳ್ಳಿನಲ್ಲೂ ಹಳೇ ಬೆಲೆಪಟ್ಟಿಯ ಲೆಕ್ಕ ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು!

ಚುಚ್ಚುವ ಮಾತು ಯಾವುದು ಎಂದು ಕಿವಿಗೊಟ್ಟು ಕೇಳಿ, ಒಂದು ಚೀಟಿಯಲ್ಲಿ ಬರೆಯಿರಿ. ‘ನಾಳೆ ಕೆಲಸ ಹೋದರೆ?’ ಎಂದರೆ ಅದು ಭಯ, ಆ 3 ಲಕ್ಷದ ಪಾಸ್‌ಬುಕ್ಕು ಅದಕ್ಕೆ ಮದ್ದು. ‘ಅಮ್ಮ ಇಂಥದ್ದನ್ನು ಒಂದು ದಿನವೂ ಕಂಡಿಲ್ಲ’ ಎಂದರೆ ಅದು ಋಣದ ಮಾತು. ‘ನನಗ್ಯಾಕೆ ಇಷ್ಟೆಲ್ಲ’ ಎಂದರೆ ಅದು ನಾಚಿಕೆ, ಮೂರರಲ್ಲಿ ಗಟ್ಟಿ ಅದೇ. ನಿಮ್ಮ ಪತ್ರದಲ್ಲಿ ಎರಡನೆಯದು ಹೆಚ್ಚು ಕಾಣುತ್ತದೆ. ಒಂದು ವಿಷಯ ಗಮನಿಸಿ: ನೀವು ಹಾಸಿಗೆ ರದ್ದು ಮಾಡಿದಾಗ ಅಮ್ಮನ ಸೊಂಟಕ್ಕೆ ಏನೂ ಸಿಗಲಿಲ್ಲ. ಋಣ ತೀರಿಸುವ ಮನಸ್ಸಿದ್ದರೆ ಅವರಿಗೂ ಒಂದು ಹಾಸಿಗೆ ಕೊಡಿಸಬಹುದು, ಅದು ಬೇರೆ ಬಾಬ್ತು. ನೀವು ಸೊಂಟ ನೋಯಿಸಿಕೊಂಡು ಮಲಗುವುದು ಯಾವ ಖಾತೆಗೂ ಜಮೆಯಾಗುವುದಿಲ್ಲ.

ಇನ್ನು ಏನು ಮಾಡಬಾರದು ಎಂಬುದು. ಹಣದ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಕೈ ಸಡಿಲ ಇರುವವರಿಗಾಗಿ ಮಾಡಿದವು. ‘ಕೊಳ್ಳುವ ಮೊದಲು 30 ದಿನ ಕಾಯಿರಿ’, ‘ಈ ವಸ್ತು ನಿಮ್ಮ ಎಷ್ಟು ಗಂಟೆಯ ದುಡಿಮೆ ಎಂದು ಲೆಕ್ಕ ಹಾಕಿ’, ‘ನಗದು ಕೊಟ್ಟೇ ಕೊಳ್ಳಿ, ನೋವಾಗಲಿ’. ನಿಮಗೆ ಇವು ಮೂರೂ ವಿಷ. ಕಾಯುವುದರಲ್ಲಿ ನೀವು ಪಿಎಚ್‌ಡಿ ಮಾಡಿದ್ದೀರಿ. ಕಂತಿನಲ್ಲಿ ಕೊಳ್ಳುವ ಸಲಹೆಯೂ ಬೇಡ. ಕೊಡುವಾಗ ನೋವು ಕಡಿಮೆ ಎನಿಸಿದರೂ ಪ್ರತಿ ತಿಂಗಳು 5ನೇ ತಾರೀಕು ಮೆಸೇಜು ಬಂದು ಮತ್ತೆ ಚುಚ್ಚುತ್ತದೆ, ವಸ್ತುವಿನ ಖುಷಿಯನ್ನೂ ಕೆಡಿಸುತ್ತದೆ. ನಿಮ್ಮಂಥವರು ಮೊದಲೇ ಕೊಟ್ಟು ಮುಗಿಸಿ ಆಮೇಲೆ ಅನುಭವಿಸುವುದು ಒಳ್ಳೆಯದು. 1998ರಲ್ಲಿ ಪ್ರೆಲೆಕ್ ಮತ್ತು ಲೋವೆನ್‌ಸ್ಟೈನ್ ಬರೆದ ಪ್ರಬಂಧದ ತಿರುಳೂ ಇದೇ: ಮುಂಚೆಯೇ ಕೊಟ್ಟದ್ದನ್ನು ಬಳಸುವಾಗ ಪುಕ್ಕಟೆ ಸಿಕ್ಕ ಹಾಗೆ ಅನಿಸುತ್ತದೆ.

ಅದನ್ನೇ ವ್ಯವಸ್ಥೆ ಮಾಡಿ. ಇನ್ನೊಂದು ಉಳಿತಾಯ ಖಾತೆ ತೆರೆಯಿರಿ, ಅದಕ್ಕೆ ಬೇರೆ ಡೆಬಿಟ್ ಕಾರ್ಡು, ಬೇರೆ ಯುಪಿಐ. ಸಂಬಳ ಬಂದ ಮರುದಿನ 5,000 ತಾನೇ ವರ್ಗವಾಗುವಂತೆ ಬ್ಯಾಂಕಿನಲ್ಲಿ ಸ್ಥಾಯಿ ಸೂಚನೆ ಕೊಡಿ. ಖರ್ಚು ಮಾಡಬೇಕೋ ಬೇಡವೋ ಎಂಬ ತೀರ್ಮಾನ ವರ್ಷಕ್ಕೊಮ್ಮೆ ಮಾತ್ರ, ಆ ಸೂಚನೆ ಕೊಡುವ ದಿನ. ಆಮೇಲೆ ಉಳಿಯುವುದು ಯಾವುದಕ್ಕೆ ಎಂಬ ಪ್ರಶ್ನೆ ಅಷ್ಟೆ. ಈ ಖಾತೆಯಲ್ಲಿ 15,000ಕ್ಕಿಂತ ಹೆಚ್ಚು ಕೂಡಬಾರದು. ಕೂಡಿದರೆ ಅದನ್ನು ಎಫ್‌ಡಿಗೆ ಹಾಕುವಂತಿಲ್ಲ, ತಿಂಗಳೊಳಗೆ ಖರ್ಚಾಗಬೇಕು.

ಈ ವ್ಯವಸ್ಥೆ ಮುರಿಯುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ಎರಡನೇ ತಿಂಗಳಿಗೆ ಆ ದುಡ್ಡಿನಲ್ಲಿ ಮನೆಗೆ ಮಿಕ್ಸಿ ಬರುತ್ತದೆ, ಮೂರನೇ ತಿಂಗಳು ಅಕ್ಕನ ಮಗನ ಹುಟ್ಟುಹಬ್ಬ. ‘ನನಗೂ ಉಪಯೋಗ ಆಗುತ್ತಲ್ಲ’ ಎಂಬ ಸಮಜಾಯಿಷಿ ಸಿದ್ಧವಾಗಿರುತ್ತದೆ. ಹಾಗಾಗಿ ನಿಯಮ ಕಟ್ಟುನಿಟ್ಟಾಗಿರಲಿ: ಇನ್ನೊಬ್ಬರು ಮುಟ್ಟುವ, ತಿನ್ನುವ, ತೊಡುವ ಯಾವುದೂ ಈ ಖಾತೆಯಿಂದ ಬರಬಾರದು. ಅಡುಗೆಮನೆಯ ಸಾಮಾನು ಬಾರದು. ಇನ್ನೂ ಒಂದು ಮಾತು, ಇದು ನಿಮಗೆ ಹಿಡಿಸದು: ಈ ಹಣದಲ್ಲಿ ಮೂರರಲ್ಲಿ ಒಂದು ಪಾಲಾದರೂ ಉಪಯೋಗವೇ ಇಲ್ಲದ್ದಕ್ಕೆ ಹೋಗಬೇಕು. ನೋವಿಗೆ ಶೂ, ಕೆಲಸಕ್ಕೆ ಬ್ಯಾಗು, ಕಣ್ಣಿಗೆ ಒಳ್ಳೆಯ ಲೆನ್ಸು ಇವೆಲ್ಲ ಸುಲಭ, ಅವುಗಳ ಬೆನ್ನಿಗೆ ಕಾರಣ ನಿಂತಿರುತ್ತದೆ. ಎರಡು ಮೊಳ ಮೈಸೂರು ಮಲ್ಲಿಗೆ, ಒಬ್ಬರೇ ಹೋಗಿ ನೋಡುವ ನಾಟಕ, ಅಗತ್ಯವಿಲ್ಲದ ಒಂದು ಬಣ್ಣದ ಓಲೆ, ಇವಕ್ಕೆ ಕಾರಣವಿಲ್ಲ. ಕಾರಣ ಕೊಡದೆ ಕೊಂಡಾಗಲೇ ಅಭ್ಯಾಸ ಆಗುವುದು.

ಈಗ ಮೆಟ್ಟಿಲು. ಭಯಕ್ಕೆ ಮನೋವೈದ್ಯರು ಮಾಡಿಸುವ ಕ್ರಮವೇ ಇಲ್ಲಿಗೂ ಹೊಂದುತ್ತದೆ: ಕಡಿಮೆ ಚುಚ್ಚುವುದರಿಂದ ಹೆಚ್ಚು ಚುಚ್ಚುವುದಕ್ಕೆ ಒಂದೊಂದೇ ಹೆಜ್ಜೆ, ಪ್ರತಿ ಹೆಜ್ಜೆಯಲ್ಲೂ ಚುಚ್ಚುವಿಕೆ ತಾನಾಗಿ ಇಳಿಯುವವರೆಗೆ ನಿಲ್ಲುವುದು. 0ಯಿಂದ 10ರವರೆಗೆ ಅಂಕ ಕೊಡಿ.

ಮೊದಲ ಮೆಟ್ಟಿಲಿಗೆ ಕಾಸೇ ಬೇಡ. ಬೀರುವಿನಲ್ಲಿರುವ ಸೀರೆ ತೆಗೆಯಿರಿ. ಆರು ವರ್ಷ ಒಂದೇ ಮಡಿಕೆಯಲ್ಲಿದ್ದ ರೇಷ್ಮೆ ಮಡಿಕೆಯ ಗೆರೆಯಲ್ಲೇ ಸೀಳಬಹುದು, ಜರಿ ಕಪ್ಪಾಗಬಹುದು. ಮೂರು ನಾಲ್ಕು ತಿಂಗಳಿಗೊಮ್ಮೆ ಬಿಚ್ಚಿ, ಗಾಳಿಗೆ ಹಾಕಿ, ಬೇರೆ ಗೆರೆಯಲ್ಲಿ ಮಡಚಬೇಕಿತ್ತು. ‘ಒಳ್ಳೇ ದಿನಕ್ಕೆ’ ಎಂದು ಡಬ್ಬದಲ್ಲಿಟ್ಟ ಶೂಗಳದ್ದೂ ಇದೇ ಕಥೆ. ಪಾಲಿಯುರಿಥೇನ್ ಎಂಬ ಪ್ಲಾಸ್ಟಿಕ್ಕಿನ ಸೋಲ್ ಗಾಳಿಯ ತೇವಕ್ಕೆ ಒಳಗೊಳಗೇ ಕೆಟ್ಟು, ಕೆಲವು ವರ್ಷ ಬಿಟ್ಟು ಹಾಕಿಕೊಂಡ ದಿನವೇ ರಸ್ತೆಯಲ್ಲಿ ಪುಡಿಪುಡಿಯಾಗಿ ಉದುರುತ್ತದೆ. ಎತ್ತಿಟ್ಟದ್ದು ಉಳಿಯುತ್ತದೆ ಎಂಬುದು ಅಕ್ಕಿ ಬೇಳೆಗೇ ಪೂರ್ತಿ ನಿಜವಲ್ಲ. ಸೀರೆಯನ್ನು ಈ ವಾರವೇ ಉಡಿ. ಹಬ್ಬ ಬೇಡ, ದೇವಸ್ಥಾನಕ್ಕೋ ಸ್ನೇಹಿತರ ಮನೆಗೋ ಸಾಕು.

ಆಮೇಲೆ ಪುಟ್ಟ ಖರ್ಚು. ದರ್ಶಿನಿಯಲ್ಲಿ ನಿಂತು ತಿನ್ನುವ ಬದಲು ಕೂತು ತಿನ್ನುವ ಹೋಟೆಲಿಗೆ ಹೋಗಿ ಒಬ್ಬರೇ ಮಸಾಲೆ ದೋಸೆ, ಕಾಫಿ. ಕೈಯಲ್ಲಿ ಎರಡು ಚೀಲ ಇರುವ ದಿನ ಬಸ್ಸಿನ ಬದಲು ಆಟೊ. ಹಿಂಜಿದ ಟವೆಲ್ ಬಿಸಾಕಿ ಹೊಸದು. ಹೊಸ ದಿಂಬು. ನಂತರ ಎರಡು ಮೂರು ಸಾವಿರದ್ದು. ಒಂದೊಂದನ್ನೂ ಮೂರು ಸಲ ಮಾಡಿ. ಮೂರನೇ ಸಲದ ಅಂಕ ಮೊದಲ ಸಲದ ಅರ್ಧಕ್ಕೆ ಇಳಿದಿದ್ದರೆ ಮುಂದಿನದಕ್ಕೆ ಹೋಗಿ, ಇಳಿಯದಿದ್ದರೆ ಅಲ್ಲೇ ಇನ್ನೆರಡು ಸಲ. ಅಂಕ ಬರೆಯಬೇಕಾದ್ದು ಐದು ಹೊತ್ತಿನಲ್ಲಿ: ಕೊಡುವ ಮೊದಲು, ಕೊಟ್ಟ ಹತ್ತು ನಿಮಿಷಕ್ಕೆ, ಆ ರಾತ್ರಿ, ಮೂರನೇ ದಿನ, ಹದಿನಾಲ್ಕನೇ ದಿನ. ಸಾಮಾನ್ಯವಾಗಿ ಕೊಡುವ ಮೊದಲೂ ಆ ರಾತ್ರಿಯೂ ಅಂಕ ಏರಿರುತ್ತದೆ, ಮೂರನೇ ದಿನಕ್ಕೆ ತಾನೇ ಇಳಿದಿರುತ್ತದೆ. ನಿಮಗೆ ಇದುವರೆಗೆ ಆ ಇಳಿಯುವುದನ್ನು ನೋಡುವ ಅವಕಾಶವೇ ಸಿಕ್ಕಿಲ್ಲ, ಯಾಕೆಂದರೆ ಇಳಿಯುವ ಮೊದಲೇ ರದ್ದು ಮಾಡಿದ್ದೀರಿ.

ರದ್ದು ಮಾಡುವುದರಲ್ಲಿ ಇರುವ ಅಪಾಯ ಇದು. ರದ್ದು ಮಾಡಿದ ಕೂಡಲೇ ‘ಅಬ್ಬಾ’ ಎಂದು ಎದೆ ಹಗುರಾಗುತ್ತದೆ. ಆ ಹಗುರವೇ ಬಹುಮಾನ. ಮುಂದಿನ ಸಲ ಮನಸ್ಸು ಆ ಬಹುಮಾನಕ್ಕಾಗಿ ಇನ್ನೂ ಜೋರಾಗಿ ಚುಚ್ಚುತ್ತದೆ. ಹಾಗಾಗಿ ವಸ್ತು ಮನೆಗೆ ಬಂದ ದಿನವೇ ಕತ್ತರಿ ತೆಗೆದುಕೊಂಡು ಟ್ಯಾಗು ಕತ್ತರಿಸಿ, ಡಬ್ಬ ಹರಿದು ರದ್ದಿಗೆ ಹಾಕಿ. ಅಳತೆ ತಪ್ಪಿದ್ದರೆ, ಹರಿದಿದ್ದರೆ ಮಾತ್ರ ವಾಪಸ್. ಟ್ಯಾಗು ಕತ್ತರಿಸುವ ಮೊದಲು ಒಂದು ಸಲ ಹಾಕಿ ನೋಡಿ, ಅಷ್ಟೆ.

ತಡೆಯುವ ಇನ್ನೊಂದು ಉಪಾಯ ಹುಡುಕಾಟ. 900 ರೂಪಾಯಿಯ ಕೆಟಲಿಗೆ ಮೂರು ವಾರ ರಿವ್ಯೂ ಓದುವುದು ಜಾಣತನದ ವೇಷ ಹಾಕಿದ ಮುಂದೂಡಿಕೆ. 500ರ ಒಳಗಿನದಕ್ಕೆ ಹತ್ತು ನಿಮಿಷ, 5,000ದವರೆಗೆ ಒಂದು ಗಂಟೆ, ಅದಕ್ಕೂ ಮೇಲಿನದಕ್ಕೆ ಎರಡು ಬೈಠಕ್ಕು, ನಡುವೆ ಒಂದು ರಾತ್ರಿ. ಸಮಯ ಮುಗಿದಾಗ ಪಟ್ಟಿಯಲ್ಲಿ ಮೇಲಿರುವುದನ್ನು ಕೊಳ್ಳಿ.

ಅತಿ ಅಗ್ಗದ್ದನ್ನು ಕೊಂಡು ಸಮಾಧಾನ ಮಾಡಿಕೊಳ್ಳುವುದೂ ಬೇಡ. 600 ರೂಪಾಯಿಯ ಶೂ ಐದು ತಿಂಗಳು ಬಂದರೆ ತಿಂಗಳಿಗೆ 120, 3,600ರದ್ದು ಮೂರು ವರ್ಷ ಬಂದರೆ ತಿಂಗಳಿಗೆ 100. ಅಗ್ಗದ್ದು ಬಾಯಿ ಬಿಟ್ಟ ದಿನ ‘ನೋಡು, ನನಗೆ ಅಂತ ತಂದಿದ್ದೆಲ್ಲ ದಂಡ’ ಎಂಬ ಹಳೇ ಮಾತಿಗೆ ಇನ್ನೊಂದು ಸಾಕ್ಷಿ ಸಿಗುತ್ತದೆ. ಹಾಗೆಂದು ಬೋನಸ್ ಬಂದ ವಾರ ಒಂದೇ ಸಲ ನಲವತ್ತು ಸಾವಿರ ಸುರಿಯುವುದೂ ಆಗದು. ಉಪವಾಸ ಮುರಿದ ರಾತ್ರಿಯ ಊಟದಂತೆ ಅದು ಹೊಟ್ಟೆ ಕೆಡಿಸುತ್ತದೆ, ಮರುದಿನ ಉಪವಾಸ ಇನ್ನೂ ಬಿಗಿಯಾಗುತ್ತದೆ.

ಇಷ್ಟೆಲ್ಲ ಮಾಡಿದರೂ ಬೆಲೆ ಮುಚ್ಚಿಡುವುದು ಮುಂದುವರಿದರೆ ಅರ್ಧ ಕೆಲಸ ವ್ಯರ್ಥ. ಮುಚ್ಚಿಟ್ಟದ್ದು ಕಳ್ಳಮಾಲಿನ ಹಾಗೆ ಅನಿಸದೆ ಇನ್ನೇನು? ಹೇಳುವುದಕ್ಕೆ ಭಾಷಣ ಬೇಕಿಲ್ಲ.

‘ಎಷ್ಟಾಯ್ತೇ ಇದಕ್ಕೆ?’

‘ನಾಲ್ಕು ಸಾವಿರದ ಇನ್ನೂರು ಅಮ್ಮ.’

‘ಅಯ್ಯೋ, ಅಷ್ಟೊಂದಾ!’

‘ಹೂಂ ಅಮ್ಮ, ಜಾಸ್ತಿನೇ. ಮೆತ್ತಗಿದೆ, ಇಷ್ಟ ಆಯ್ತು.’

ಅಲ್ಲಿಗೆ ನಿಲ್ಲಿಸಿ. ರಿಯಾಯಿತಿ ಇತ್ತು, ಡಾಕ್ಟರು ಹೇಳಿದರು, ಆಫೀಸಿನಲ್ಲಿ ಎಲ್ಲರೂ ಹಾಕುತ್ತಾರೆ ಎಂದೆಲ್ಲ ಸೇರಿಸಬೇಡಿ. ಕಾರಣ ಕೊಟ್ಟಷ್ಟೂ ತಪ್ಪೊಪ್ಪಿಗೆಯ ಧಾಟಿ ಬರುತ್ತದೆ. ಅಮ್ಮಂದಿರ ‘ಅಷ್ಟೊಂದಾ’ ಬಹಳ ಸಲ ಬೈಗುಳವೇ ಅಲ್ಲ, ಟೊಮೆಟೊ ಬೆಲೆ ಕೇಳಿದಾಗಲೂ ಅದೇ ರಾಗದಲ್ಲಿ ಹೇಳುತ್ತಾರೆ. ನಿಜವಾಗಿ ಬೈದರೆ ಬೈಸಿಕೊಳ್ಳಿ. ಅವರ ಒಪ್ಪಿಗೆ ಪಡೆಯುವುದು ಇಲ್ಲಿ ಗುರಿಯಲ್ಲ, ಅವರು ಒಪ್ಪದಿದ್ದಾಗಲೂ ಶೂ ಹಾಕಿಕೊಂಡು ಹೊರಡುವುದು ಗುರಿ. ದೀಪ ಆರಿಸುವುದು, ಅನ್ನ ಚೆಲ್ಲದಿರುವುದು, ಸಾಲ ಮಾಡದಿರುವುದು, ಅಮ್ಮ ಕಲಿಸಿದ ಇವನ್ನೆಲ್ಲ ಬಿಡಬೇಕಾಗಿಲ್ಲ. ಅವು ನಿಮಗೆ ನೋವು ಕೊಡುತ್ತಿಲ್ಲ.

ಒಂದು ಎಚ್ಚರಿಕೆ. ಔಷಧಿ, ಹಲ್ಲಿನ ಚಿಕಿತ್ಸೆ, ಊಟದಲ್ಲೂ ಕೈ ಕಟ್ಟುತ್ತಿದ್ದರೆ, ಖರ್ಚೇ ಮಾಡದ ದಿನವೂ ‘ನಾನು ಭಾರ’ ಎಂದೆನಿಸುತ್ತಿದ್ದರೆ, ನಿದ್ದೆ, ಹಸಿವು ಎರಡು ವಾರದಿಂದ ಕೆಟ್ಟಿದ್ದರೆ ಅದು ಬೇರೆ. ಅತಿಯಾದ ತಪ್ಪಿತಸ್ಥ ಭಾವ ಖಿನ್ನತೆಯ ಲಕ್ಷಣಗಳಲ್ಲಿ ಒಂದು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ, ಪುಕ್ಕಟೆಯಾಗಿ, ಯಾವ ಹೊತ್ತಿನಲ್ಲೂ ಮಾತನಾಡಬಹುದು.

ಕೊನೆಗೆ ಹಾಸಿಗೆ. ಅದು ‘ನಿಮ್ಮ ಖಾತೆ’ಯ ಖರ್ಚಲ್ಲ, ಆರೋಗ್ಯದ ಬಾಬ್ತು, ಉಳಿತಾಯದಿಂದಲೇ ಬರಲಿ. ಎಂಟು ವರ್ಷ ಬಂದರೆ ರಾತ್ರಿಗೆ ಆರು ರೂಪಾಯಿ ಚಿಲ್ಲರೆ. ಮೇಲಿನ ಮೆಟ್ಟಿಲುಗಳಲ್ಲಿ ಮೂರು ಹತ್ತಿದ ಮೇಲೆ, ಸುಮಾರು ಆರನೇ ವಾರದಲ್ಲಿ ಕೊಳ್ಳಿ. ನೋವು ಕಾಲಿನವರೆಗೆ ಇಳಿಯುತ್ತಿದ್ದರೆ, ಜೋಮು ಹಿಡಿಯುತ್ತಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ಆನ್‌ಲೈನ್ ಬೇಡ, ಆರ್ಡರಿಗೂ ಡೆಲಿವರಿಗೂ ನಡುವಿನ ಮೂರು ನಾಲ್ಕು ರಾತ್ರಿಗಳಲ್ಲೇ ನೀವು ಎರಡು ಸಲವೂ ಸೋತದ್ದು. ಶನಿವಾರ ಬೆಳಿಗ್ಗೆ ಅಂಗಡಿಗೆ ಹೋಗಿ, ಚಪ್ಪಲಿ ಬಿಟ್ಟು, ಎರಡು ಮೂರು ಹಾಸಿಗೆಗಳ ಮೇಲೆ ಹತ್ತತ್ತು ನಿಮಿಷ ನೀವು ಮಲಗುವ ಮಗ್ಗುಲಿಗೇ ಮಲಗಿ ನೋಡಿ. ತೀರಾ ಗಟ್ಟಿಯದಕ್ಕಿಂತ ಮಧ್ಯಮ ಗಟ್ಟಿಯದು ಹಳೇ ಸೊಂಟ ನೋವಿಗೆ ವಾಸಿ. ಪೂರ್ತಿ ಹಣ ಕೊಟ್ಟು, ಅದೇ ದಿನ ಟೆಂಪೊದಲ್ಲಿ ಮನೆಗೆ ತರಿಸಿ.

ಹಳೇ ಹತ್ತಿ ಹಾಸಿಗೆಯನ್ನು ‘ಯಾರಾದರೂ ಬಂದರೆ ಇರಲಿ’ ಎಂದು ಮಂಚದ ಕೆಳಗೆ ತಳ್ಳಬೇಡಿ. ಹೊಸದರ ಪ್ಲಾಸ್ಟಿಕ್ ತೆಗೆಯದೆ ನೀವೇ ಹಳೆಯದನ್ನು ಹಾಸಿ ಮಲಗುತ್ತೀರಿ. ಹತ್ತಿ ಹಿಂಜಿ ಹೊಲಿಯುವವರಿಗೆ ಮೊದಲೇ ಹೇಳಿಟ್ಟು, ಹೊಸದು ಮೆಟ್ಟಿಲು ಹತ್ತುವಾಗ ಹಳೆಯದು ಅದೇ ಟೆಂಪೊದಲ್ಲಿ ಇಳಿದು ಹೋಗಲಿ. ವಾರ ಬಿಟ್ಟು ಅದರಿಂದ ನಾಲ್ಕು ದಿಂಬು ಬರುತ್ತವೆ, ಅವನ್ನು ಊರಿಗೆ ಒಯ್ಯಿರಿ. ಅಮ್ಮನಿಗೆ ಅದು ಇಷ್ಟವಾಗುತ್ತದೆ.